ಬಾಗಿಲು ಕಾಯುವ ಯಂತ್ರ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವ ಸಭೆಯಲ್ಲಿ ಕನ್ನಡ ಪಂಡಿತನಾದವನು ಕಾವ್ಯವನ್ನು ಕುರಿತೋ ವ್ಯಾಕರಣವನ್ನು ಕುರಿತೋ ಮಾತನಾಡುವುದು ವಾಡಿಕೆ. ಈ ಸಲ ನನ್ನ ಪಾಲಿಗೆ ಬಂದಿರುವ ವಿಷಯ ಬಾಗಿಲು. ನಮ್ಮ ಸಂಘದ ಕಟ್ಟಡಕ್ಕೆ ಇಲೆಕ್ಟ್ರಾನಿಕ್ ಬಾಗಿಲ ವ್ಯವಸ್ಥೆಯನ್ನು ಅಳವಡಿಸಬೇಕೆಂದು ಕಾರ್ಯಕಾರಿ ಸಮಿತಿಯವರು ಆಲೋಚಿಸಿ, ಯಾವುದನ್ನು ಆರಿಸತಕ್ಕದ್ದೆಂದು ವಿಚಾರಿಸಿ ತಿಳಿಸುವುದಕ್ಕೆ ಮೂವರ ಉಪಸಮಿತಿಯೊಂದನ್ನು ನೇಮಿಸಿದರು. ಒಬ್ಬರು ಹೊಸೂರಿನ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ಕೆಲಸಮಾಡುವ ತರುಣರು, ಇನ್ನೊಬ್ಬರು ಸಂಘದ ಕೋಶಾಧ್ಯಕ್ಷರು, ಮೂರನೆಯವನು ನಾನು. ಯಂತ್ರದ ಒಳಮರ್ಮವನ್ನು ತರುಣ ಮಿತ್ರರು ನನಗೆ ತಾಳ್ಮೆಯಿಂದ ಕಲಿಸಿದರು. ಅದನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಸಭೆಗೆ ಒಪ್ಪಿಸುವ ಭಾರವನ್ನು ನನ್ನ ಹೆಗಲಿಗೆ ಹಾಕಿದರು. ಆದುದರಿಂದ ಕಲಿತ ಪಾಠವನ್ನು ಒಪ್ಪಿಸುವ ವಿದ್ಯಾರ್ಥಿಯಂತೆ ತಮ್ಮ ಮುಂದೆ ನಿಂತಿದ್ದೇನೆ.

ಈ ಆಲೋಚನೆ ಹುಟ್ಟಿದ್ದು ಹೇಗೆಂಬುದು ತಮಗೆಲ್ಲ ತಿಳಿದೇ ಇದೆ. ಕಳೆದ ವರ್ಷ ನಮ್ಮ ಗ್ರಂಥಭಂಡಾರದಿಂದ ಕೆಲವು ಹಳೆಯ ಪುಸ್ತಕಗಳು ಕಾಣೆಯಾದವು. ಮತ್ತೆ ಅಚ್ಚಾಗದಿರುವ ಪುಸ್ತಕಗಳು ಅವು. ಹಣ ಕೊಟ್ಟರೂ ಸಿಕ್ಕುವ ಭರವಸೆಯಿಲ್ಲ. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ವಿಚಾರಿಸಿ ನೋಡಿದಾಗ ಆ ಕೊಠಡಿಗೆ ಏಳು ಬೀಗದಕೈಗಳಿದ್ದುದು ತಿಳಿಯಿತು. ನಾಲ್ಕು ಯಾರ ಬಳಿಯಲ್ಲಿವೆಯೆಂದು ಹೇಳಬಲ್ಲವರಿದ್ದರು. ಉಳಿದ ಮೂರರ ವಿಷಯವಾಗಿ ಒಬ್ಬರು ಇನ್ನೊಬ್ಬರ ಮುಖ ನೋಡಿದೆವು. ಆಗ ಸಭೆಯಲ್ಲಿ ಯಾರೋ ಬೆರಳಿಟ್ಟರೆ ತೆರೆಯುವ ಯಂತ್ರ ತರೋಣವೆಂದರು, ಎಲ್ಲರೂ ಸರಿಯೆಂದೆವು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ ಎಂಬ ಗಾದೆ ನಮಗಾಗಿಯೇ ಹುಟ್ಟಿದಂತಿತ್ತು.

ಗಾದೆಯ ಮಾತು ಬಂದಿತಾಗಿ ಹೇಳುತ್ತೇನೆ. ನಾವು ಬಾಳುತ್ತಿರುವ ಸೀಮೆಗೆ ಬಾಗಿಲುಗಳ ವಿಷಯದಲ್ಲಿ ಹಳೆಯ ಅನುಭವವಿದೆ. ಧರ್ಮಪುರಿ ಕೃಷ್ಣಗಿರಿಗಳ ಸುತ್ತಣ ನಾಡಿಗೆ ಬಾರಾಮಹಲ್ ಎಂಬ ಹೆಸರು ಹನ್ನೆರಡು ಕೋಟೆಗಳಿಂದ ಬಂದಿತೆಂದು ಹಿರಿಯರು ಹೇಳುತ್ತಾರೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಒಪ್ಪಂದದ ಮೇರೆಗೆ ಅದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಹೀಗೆ ರೂಪುಗೊಂಡ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ ಜಿಲ್ಲೆಯೂ, ಅದರಿಂದ 2004ರಲ್ಲಿ ಕೃಷ್ಣಗಿರಿ ಜಿಲ್ಲೆಯೂ ಬೇರೆಯಾದವು. ನಡುವೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿತು, ಹೊಸೂರು ಇಲ್ಲಿಯೇ ಉಳಿಯಿತು. ಗಡಿಗಳು ಹೀಗೆ ಹಲವು ಸಲ ಸರಿದಾಡಿದರೂ ಸಂಕಗಿರಿಯ ಬೆಟ್ಟದ ಮೇಲೆ ಒಂದಾದ ಮೇಲೊಂದು ಏರುವ ಕೋಟೆಬಾಗಿಲುಗಳು ನಿಂತಲ್ಲಿಯೇ ನಿಂತಿವೆ.

1791ರ ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ಲನ ಸೈನ್ಯವು ಕೃಷ್ಣಗಿರಿಯ ಕೆಳಕೋಟೆಯನ್ನು ಹಿಡಿದು, ಬೆಟ್ಟದ ಮೇಲಕ್ಕೆ ಓಡುತ್ತಿದ್ದ ಕಾವಲುಪಡೆಯ ಬೆನ್ನಟ್ಟಿ ಅವರೊಡನೆಯೇ ಮೇಲುಕೋಟೆಯೊಳಕ್ಕೆ ನುಗ್ಗಲು ನೋಡಿತು. ಓಡಿದವರು ಒಳಹೊಕ್ಕು ಸಕಾಲಕ್ಕೆ ಬಾಗಿಲನ್ನು ಮುಚ್ಚಿದರು, ಮೇಲಿನಿಂದ ಬಂಡೆಗಳು ಉರುಳಿದವು, ದಾಳಿಯು ಮುರಿಯಿತು. ಬಾಗಿಲೆಂಬುದರ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ಈ ಒಂದು ಪ್ರಸಂಗ ತೋರಿಸುತ್ತದೆ. ಅರೆಗಳಿಗೆ ಮುಂಚೆ ಮುಚ್ಚಿದ್ದರೆ ತಮ್ಮವರೇ ಹೊರಗುಳಿಯುತ್ತಿದ್ದರು. ಅರೆಗಳಿಗೆ ತಡವಾಗಿದ್ದರೆ ಹಗೆಗಳು ಒಳಗಾಗುತ್ತಿದ್ದರು. ತಮ್ಮವರನ್ನು ಬಿಡುವುದು, ಬೇರೆಯವರನ್ನು ತಡೆಯುವುದು, ಒಳಗಿರುವವರು ಬೇಕಾದಾಗ ಹೊರಕ್ಕೆ ಹೋಗುವಂತೆ ಮಾಡುವುದು, ಈ ಮೂರೂ ಬಾಗಿಲಿನ ಧರ್ಮಗಳು. ಹೆಬ್ಬಾಗಿಲಿನ ಪಕ್ಕದಲ್ಲಿ ದಿಡ್ಡಿಬಾಗಿಲನ್ನು ಇರಿಸಿದ ನಮ್ಮ ಹಿಂದಿನವರಿಗೆ ಮೂರನೆಯ ಧರ್ಮವೂ ತಿಳಿದಿತ್ತು. ಯಂತ್ರವನ್ನು ಕೊಳ್ಳಹೊರಟ ನಾವು ಮೊದಲನೆಯ ಎರಡನ್ನು ಕುರಿತೇ ಮಾತನಾಡುತ್ತಿದ್ದೆವು. ಮೂರನೆಯದನ್ನು ಯಾರೂ ಎತ್ತಿರಲಿಲ್ಲ.

ಇನ್ನು ಯಂತ್ರದ ವಿಷಯ. ಇಲೆಕ್ಟ್ರಾನಿಕ್ ಬಾಗಿಲೆಂದರೆ ಒಂದೇ ವಸ್ತುವಲ್ಲ. ನಾಲ್ಕೈದು ಅಂಗಗಳ ಕೂಟ. ಬಾಗಿಲಿನ ಹೊರಗೋಡೆಯಲ್ಲಿ ಬಂದವರ ಗುರುತನ್ನು ಓದುವ ರೀಡರ್ ಇರುತ್ತದೆ. ಇವರನ್ನು ಬಿಡಬಹುದೇ, ಈ ವೇಳೆಯಲ್ಲಿ ಬಿಡಬಹುದೇ ಎಂದು ಪಟ್ಟಿ ನೋಡಿ ನಿರ್ಣಯಿಸುವ ಕಂಟ್ರೋಲರ್ ಇರುತ್ತದೆ. ಅದರ ಅಪ್ಪಣೆಯಂತೆ ನಡೆಯುವ ವಿದ್ಯುತ್ ಬೀಗ, ಒಳಗಿನವರು ಹೊರಕ್ಕೆ ಹೋಗುವುದಕ್ಕೆ ಒತ್ತುವ ಗುಂಡಿ, ಇವೆಲ್ಲಕ್ಕೂ ಅನ್ನವಿಕ್ಕುವ ವಿದ್ಯುತ್ ಪೆಟ್ಟಿಗೆ ಮತ್ತು ಬ್ಯಾಟರಿ ಇವು ಉಳಿದವು. ರೀಡರು ದ್ವಾರಪಾಲಕನ ಕಣ್ಣು, ಕಂಟ್ರೋಲರು ಅವನ ಬುದ್ಧಿ, ಬೀಗ ಅವನ ತೋಳು ಎಂದು ಭಾವಿಸಿದರೆ ಸಾಕು. ಅಗ್ಗದ ಕೆಲವು ಯಂತ್ರಗಳಲ್ಲಿ ಕಣ್ಣೂ ಬುದ್ಧಿಯೂ ಒಂದೇ ಡಬ್ಬಿಯಲ್ಲಿ ಹೊರಗೋಡೆಗೇ ತೂಗಾಡುತ್ತವೆ. ಡಬ್ಬಿಯ ತಿರುಪನ್ನು ಬಿಚ್ಚಿ ಒಳಗಿನ ಎರಡು ತಂತಿಗಳನ್ನು ಕೂಡಿಸಬಲ್ಲವನಿಗೆ ಅಂತಹ ಬಾಗಿಲು ತಾನಾಗಿ ತೆರೆಯುತ್ತದೆ. ಬುದ್ಧಿಯು ಯಾವಾಗಲೂ ಗೋಡೆಯ ಒಳಭಾಗದಲ್ಲಿರಬೇಕೆಂಬುದು ನಾವು ಕಲಿತ ಮೊದಲನೆಯ ಪಾಠ.

ಯಂತ್ರವು ಮನುಷ್ಯನನ್ನು ಗುರುತಿಸುವ ಮಾರ್ಗಗಳು ಮೂರು: ಅವನು ತಿಳಿದಿರುವುದು, ಅವನ ಕೈಯಲ್ಲಿರುವುದು, ಅವನ ದೇಹದಲ್ಲಿರುವುದು. ತಿಳಿದಿರುವುದೆಂದರೆ ಗುಪ್ತ ಸಂಖ್ಯೆ. ಇದಕ್ಕೆ ಖರ್ಚು ಕಡಮೆ. ಆದರೆ ನಾಲ್ಕು ಅಂಕೆಗಳ ಗುಟ್ಟು ನಮ್ಮ ಊರಿನಲ್ಲಿ ನಾಲ್ಕು ವಾರ ಉಳಿಯುವುದು ಕಷ್ಟ. ಹೆಚ್ಚು ಒತ್ತಿದ ಗುಂಡಿಗಳು ಸವೆದು ತಮ್ಮ ಗುಟ್ಟನ್ನು ತಾವೇ ಹೇಳುತ್ತವೆ.

ಕೈಯಲ್ಲಿರುವುದೆಂದರೆ ಕಾರ್ಡು. ಬೆಳಗ್ಗೆ ಹೊಸೂರಿನ ಬಸ್ಸು ನಿಲ್ದಾಣದಲ್ಲಿ ನಿಂತರೆ, ಕಾರ್ಖಾನೆಗಳಿಗೂ ಬೆಂಗಳೂರಿನ ಕಚೇರಿಗಳಿಗೂ ಹೊರಟ ನಮ್ಮ ಮಕ್ಕಳ ಕೊರಳಿನಲ್ಲಿ ತೂಗುವ ಕಾರ್ಡುಗಳನ್ನು ಕಾಣಬಹುದು. ಹೊರಗಿನಿಂದ ಎಲ್ಲವೂ ಒಂದೇ ಬಗೆಯಾಗಿ ಕಂಡರೂ ಒಳಗೆ ಭೇದವುಂಟು. 125 ಕಿಲೋಹರ್ಟ್ಸ್ ಅಲೆಯಲ್ಲಿ ನಡೆಯುವ ಹಳೆಯ ತರಹದ ಕಾರ್ಡು ತನ್ನ ಸಂಖ್ಯೆಯನ್ನು ಯಾರು ಕೇಳಿದರೂ ಕೂಗಿ ಹೇಳಿಬಿಡುತ್ತದೆ. ಅದರ ನಕಲನ್ನು ತೆಗೆಯುವ ಸಾಧನ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುತ್ತದೆ. 13.56 ಮೆಗಾಹರ್ಟ್ಸ್ ಅಲೆಯ ಕಾರ್ಡುಗಳಲ್ಲಿ ರಹಸ್ಯಲಿಪಿಯ ರಕ್ಷೆಯುಂಟು. ಅವುಗಳಲ್ಲಿಯೂ ಬಹಳ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಎಂಬುದರ ರಹಸ್ಯವನ್ನು 2008ರಲ್ಲಿ ಹಾಲೆಂಡಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಭೇದಿಸಿ ತೋರಿಸಿದರು. ಆದಕಾರಣ ಮಾರುವವರು ‘ಸ್ಮಾರ್ಟ್ ಕಾರ್ಡು’ ಎಂದ ಮಾತ್ರಕ್ಕೆ ತೃಪ್ತರಾಗದೆ, ಡೆಸ್‌ಫೈರ್‌ನಂತಹ ಎಇಎಸ್ ರಕ್ಷೆಯ ಕಾರ್ಡೇ ಎಂದು ಬರೆಸಿಕೊಳ್ಳಬೇಕು. ಕಾರ್ಡಿನ ದೊಡ್ಡ ಗುಣವೇನೆಂದರೆ, ಕಳೆದುಹೋದ ದಿನವೇ ಅದರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ನಮ್ಮ ಏಳು ಬೀಗದಕೈಗಳಲ್ಲಿ ಮೂರು ಕಾಣೆಯಾದಾಗ ನಮಗೆ ಇಲ್ಲದಿದ್ದ ಶಕ್ತಿ ಇದೇ.

ಮೂರನೆಯದು ದೇಹದ ಗುರುತು. ಬೆರಳು ಅಥವಾ ಮುಖ. ಸಮಿತಿಯ ಮನಸ್ಸು ಬೆರಳಿನ ಕಡೆಗೇ ಒಲಿದಿತ್ತು. ಕಾರ್ಡನ್ನು ಇನ್ನೊಬ್ಬನಿಗೆ ಕೊಡಬಹುದು, ಬೆರಳನ್ನು ಕೊಡಲಾಗುವುದಿಲ್ಲ ಎಂಬ ಕೋಶಾಧ್ಯಕ್ಷರ ವಾದ ಬಲವಾದದ್ದೆಂದು ನಾನೂ ಒಪ್ಪಿದ್ದೆ. ಆ ಒಪ್ಪಿಗೆಯನ್ನು ಬದಲಾಯಿಸಿದ ಒಂದು ಪ್ರಸಂಗವನ್ನು ತಮ್ಮಲ್ಲಿ ನಿವೇದಿಸಬೇಕಾಗಿದೆ.

ವ್ಯಾಪಾರದವರೊಬ್ಬರು ಪರೀಕ್ಷೆಗಾಗಿ ಬೆರಳ ಯಂತ್ರವೊಂದನ್ನು ತಂದು ಒಂದು ವಾರ ಬಾಗಿಲಿನ ಬಳಿ ಇಟ್ಟುಹೋದರು. ಸಮಿತಿಯವರೆಲ್ಲ ಬೆರಳೊತ್ತಿದೆವು, ಯಂತ್ರ ನಮ್ಮನ್ನು ಸುಲಭವಾಗಿ ಗುರುತಿಸಿತು. ಕಟ್ಟಡವನ್ನು ಗುಡಿಸಿ ಸಾರಿಸಿ, ದಿನ ಬೆಳಗಾದರೆ ಬಾಗಿಲು ತೆರೆಯುವ ತಾಯಿಯನ್ನೂ ಕರೆದೆವು. ಸಂಘ ಬಾಡಿಗೆ ಮನೆಯಲ್ಲಿದ್ದ ದಿನಗಳಿಂದ ನಮ್ಮ ಬೀಗದಕೈ ಅವರ ಸೆರಗಿನ ಗಂಟಿನಲ್ಲಿದೆ. ಅವರು ಬಲಗೈಯ ಬೆರಳನ್ನಿಟ್ಟರು, ಯಂತ್ರ ಕೆಂಪು ದೀಪ ತೋರಿತು. ಒರಸಿಕೊಂಡು ಮತ್ತೆ ಇಟ್ಟರು, ಮತ್ತೆ ಕೆಂಪು. ಎಡಗೈ, ಹೆಬ್ಬೆರಳು, ಎಲ್ಲವೂ ಆಯಿತು. ಕೊನೆಗೆ ಅವರು ನಗುತ್ತ, “ಕಳೆ ಕಿತ್ತು, ನೆಲ ತಿಕ್ಕಿ ಬೆಳ್ಳು ಸವೆದೋಗೈತೆ ಮೇಷ್ಟ್ರೇ; ಆ ಬೀಗದ ಕೈನೇ ಕೊಟ್ಬುಡಿ, ವೊತ್ತಾಯ್ತು” ಎಂದರು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ಕಾಣೆಯಾಗದೆ ಉಳಿದ ಬೀಗದಕೈಗಳಲ್ಲಿ ಒಂದು ಅವರದು. ಯಂತ್ರ ಮೊದಲು ಹೊರಗೆ ನಿಲ್ಲಿಸಿದ್ದು ಅವರನ್ನು.

ಯಂತ್ರದ ತಪ್ಪು ಇದರಲ್ಲಿ ವಿಶೇಷವೇನೂ ಇಲ್ಲವೆಂದು ತರುಣ ಮಿತ್ರರು ವಿವರಿಸಿದರು. ದೇಹದ ಗುರುತನ್ನು ನೋಡುವ ಎಲ್ಲ ಯಂತ್ರಗಳಿಗೂ ಎರಡು ಬಗೆಯ ತಪ್ಪುಗಳುಂಟು: ಬಿಡಬೇಕಾದವರನ್ನು ತಡೆಯುವುದು ಒಂದು, ತಡೆಯಬೇಕಾದವರನ್ನು ಬಿಡುವುದು ಇನ್ನೊಂದು. ನಮ್ಮ ಪುರಾಣಗಳು ಎರಡನ್ನೂ ಬಲ್ಲವು. ವೈಕುಂಠದ ಬಾಗಿಲಲ್ಲಿ ಜಯವಿಜಯರು ಸನಕಾದಿಗಳನ್ನು ತಡೆದು ಶಾಪಕ್ಕೆ ಗುರಿಯಾದರು. ಪಂಚವಟಿಯಲ್ಲಿ ಸಂನ್ಯಾಸಿಯ ವೇಷದ ರಾವಣನನ್ನು ಸೀತೆಯು ಅತಿಥಿಯೆಂದು ಬಗೆದಳು. ಯಂತ್ರದ ಪರೀಕ್ಷೆಯನ್ನು ಬಿಗಿಮಾಡಿದರೆ ರಾವಣರು ಕಡಮೆಯಾಗುತ್ತಾರೆ, ಸನಕರು ಹೊರಗುಳಿಯುತ್ತಾರೆ; ಸಡಿಲಮಾಡಿದರೆ ಇದಕ್ಕೆ ವಿಪರ್ಯಯ. ಎರಡನ್ನೂ ಒಟ್ಟಿಗೆ ಸೊನ್ನೆಗೆ ಇಳಿಸುವ ತಿರುಪು ಯಾವ ಯಂತ್ರದಲ್ಲಿಯೂ ಇಲ್ಲ.

ಆ ಮೊದಲನೆಯ ತಪ್ಪು ಯಾರ ಮೇಲೆ ಬೀಳುತ್ತದೆಂಬುದನ್ನು ನೋಡಬೇಕು. ವಯಸ್ಸಾದವರ ಬೆರಳಿನ ಗೆರೆಗಳು ಮಾಸುತ್ತವೆ. ಮೈಮುರಿದು ದುಡಿಯುವವರ ಗೆರೆಗಳು ಸವೆಯುತ್ತವೆ. ತಳಿ, ದೇನ್ಕಣಿಕೋಟೆಗಳ ಕಡೆಯ ರಾಗಿಯ ಹೊಲದಲ್ಲಿ ದುಡಿಯುವವರು, ಹೊಸೂರಿನ ಗುಲಾಬಿ ತೋಟಗಳಲ್ಲಿ ಮುಳ್ಳಿನ ನಡುವೆ ಹೂ ಕೊಯ್ಯುವ ಹೆಣ್ಣುಮಕ್ಕಳು, ಕಲ್ಲು ಒಡೆಯುವವರು, ಸೇಲಮಿನಲ್ಲಿ ಮನೆಮಾತಾಗಿ ಕನ್ನಡವನ್ನುಳಿಸಿಕೊಂಡಿರುವ ದೇವಾಂಗ ನೇಕಾರರು, ಇವರೇ ಅಲ್ಲವೇ ನಮ್ಮ ನಾಡಿನಲ್ಲಿ ಕನ್ನಡವನ್ನಾಡುವವರು? ಓದು ಬರೆಹವನ್ನೇ ವೃತ್ತಿ ಮಾಡಿಕೊಂಡ ನನ್ನಂತಹವನ ಮೆತ್ತಗಿನ ಬೆರಳನ್ನು ಯಂತ್ರ ತಟ್ಟನೆ ಗುರುತಿಸುತ್ತದೆ. ದುಡಿದ ಬೆರಳನ್ನು ಕಂಡರೆ ತಡವರಿಸುತ್ತದೆ. ಒಂದು ಕಾಲದಲ್ಲಿ ರುಜು ಹಾಕಲರಿಯದವನನ್ನು ಹೆಬ್ಬೆಟ್ಟಿನವನೆಂದು ಕರೆದು ನಾವು ಕೀಳಾಗಿ ಕಂಡೆವು. ಈಗ ಅವನಿಗೆ ಆ ಹೆಬ್ಬೆಟ್ಟೂ ಇಲ್ಲದಂತೆ ಮಾಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇದಲ್ಲದೆ ಇನ್ನೊಂದು ವಿಚಾರವಿದೆ. ಕಾರ್ಡು ಕಳೆದರೆ ಇನ್ನೊಂದನ್ನು ಕೊಡಬಹುದು. ಬೆರಳ ಗುರುತು ಒಮ್ಮೆ ಅನ್ಯರ ಕೈಸೇರಿದರೆ ಹೊಸ ಬೆರಳನ್ನು ಕೊಡುವವರು ಯಾರು? 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದನ್ನು ಕನ್ನಡಿಗರು ನೆನೆಯತಕ್ಕದ್ದು. ತರುವಾಯ 2023ರಲ್ಲಿ ವೈಯಕ್ತಿಕ ದತ್ತಾಂಶಗಳ ಸಂರಕ್ಷಣೆಗಾಗಿ ಕಾಯಿದೆಯಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. 18 ವರ್ಷ ತುಂಬದವರನ್ನು ಆ ಕಾಯಿದೆ ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸುವುದಕ್ಕೆ ತಂದೆತಾಯಿಗಳ ಒಪ್ಪಿಗೆಯನ್ನು ವಿಧಿಸುತ್ತದೆ. ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ಕಥೆಪುಸ್ತಕ ಓದಲು ಬಂದ ಹುಡುಗಿಯ ಬೆರಳ ಗುರುತನ್ನು ಹಿಡಿದಿಟ್ಟುಕೊಳ್ಳುವ ಅಗತ್ಯ ಸಂಘಕ್ಕೇನಿದೆ?

ಇನ್ನು ಬೀಗವನ್ನು ಕುರಿತು ಹೇಳಬೇಕು. ಮೂರನೆಯ ಧರ್ಮವೆಂದು ಆಗಲೇ ಹೇಳಿದೆನಲ್ಲ, ಒಳಗಿನವರು ಹೊರಕ್ಕೆ ಹೋಗುವ ವಿಷಯ, ಅದು ಬೀಗದಲ್ಲಿಯೇ ಅಡಗಿದೆ. ವಿದ್ಯುತ್ ಬೀಗಗಳಲ್ಲಿ ಎರಡು ಜಾತಿ. ವಿದ್ಯುತ್ತು ನಿಂತಾಗ ತೆರೆದುಕೊಳ್ಳುವುದು ಒಂದು. ವಿದ್ಯುತ್ತು ನಿಂತಾಗ ಮುಚ್ಚಿಯೇ ಇರುವುದು ಇನ್ನೊಂದು. ವಿದ್ಯುತ್ಕಾಂತದ ಬೀಗ ಮೊದಲನೆಯ ಜಾತಿಗೆ ಸೇರಿದುದು. ಚೌಕಟ್ಟಿನ ಮೇಲಿನ ಕಾಂತ ಕದದ ಮೇಲಿನ ಉಕ್ಕಿನ ಹಲಗೆಯನ್ನು ಸುಮಾರು 270 ಕಿಲೋಗ್ರಾಂ ಎಳೆತವನ್ನು ತಡೆಯುವಷ್ಟು ಬಲವಾಗಿ ಹಿಡಿದಿರುತ್ತದೆ. ಹರಿವು ನಿಂತೊಡನೆ ಬಿಟ್ಟುಬಿಡುತ್ತದೆ. ಕೇಳುವುದಕ್ಕೆ 270 ಕಿಲೋಗ್ರಾಂ ದೊಡ್ಡದು. ಆದರೆ ಗೆದ್ದಲು ತಿಂದ ಚೌಕಟ್ಟಿಗೆ ಆ ಕಾಂತವನ್ನು ಬಿಗಿದರೆ ಚೌಕಟ್ಟೇ ಕಳಚಿ ಬರುತ್ತದೆಂಬುದನ್ನು ಬಡಗಿಗಳು ನಮಗೆ ತೋರಿಸಿಕೊಟ್ಟರು. ಆ ಬೀಗ 12 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪೇರ್ ವಿದ್ಯುತ್ತನ್ನು ಹಗಲಿರುಳೂ ಕುಡಿಯುತ್ತದೆ. ರೀಡರು ಕಂಟ್ರೋಲರುಗಳ ಪಾಲನ್ನೂ ಸೇರಿಸಿ 0.7 ಆಂಪೇರ್ ಎಂದಿಟ್ಟುಕೊಂಡರೆ, 7 ಆಂಪೇರ್-ಗಂಟೆಯ ಬ್ಯಾಟರಿ ಲೆಕ್ಕಕ್ಕೆ 10 ಗಂಟೆ ಬರಬೇಕು. ಬ್ಯಾಟರಿ ಹಳೆಯದಾದಂತೆ ಅಷ್ಟೂ ಬಾರದು. ಆಡಿ ತಿಂಗಳ ಗಾಳಿಗೆ ಕಂಬವುರುಳಿ ಒಂದು ರಾತ್ರಿ ಪೂರ್ತಿ ಕರೆಂಟು ಹೋದರೆ, ಬೆಳಗಿನ ಜಾವಕ್ಕೆ ನಮ್ಮ ಗ್ರಂಥಭಂಡಾರ ಬೀಗವಿಲ್ಲದೆ ನಿಂತಿರುತ್ತದೆ.

ಹಾಗಾದರೆ ಎರಡನೆಯ ಜಾತಿಯೇ ಮೇಲೆಂದು ತೋರಬಹುದು. ಆಗ ಬೆಂಕಿಯ ವಿಷಯವನ್ನು ನೆನೆಯಬೇಕಾಗುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಪ್ರಾಣ ಬಿಟ್ಟರು. ಬಾಲ್ಕನಿಯಲ್ಲಿ ಹೆಚ್ಚು ಆಸನಗಳನ್ನು ಹಾಕುವುದಕ್ಕಾಗಿ ಒಂದು ಕಡೆಯ ಹಾದಿಯನ್ನೇ ಮುಚ್ಚಿಬಿಟ್ಟಿದ್ದರು. 2004ರ ಜುಲೈ 16ರಂದು ನಮ್ಮ ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಬೆಂಕಿಯಲ್ಲಿ 94 ಮಕ್ಕಳು ಹೋದರು. ಅಲ್ಲಿದ್ದ ಮೆಟ್ಟಿಲ ದಾರಿ ಇಕ್ಕಟ್ಟಾದುದು. ಮೇಷ್ಟರ ಕೆಲಸದಲ್ಲಿರುವ ನಾನು ಆ ದಿನದಿಂದ ಈಚೆಗೆ ಯಾವ ಕಟ್ಟಡವನ್ನು ಹೊಕ್ಕರೂ ಹೊರಕ್ಕೆ ಹೋಗುವ ದಾರಿಯನ್ನು ಮೊದಲು ನೋಡಿಕೊಳ್ಳುತ್ತೇನೆ. ಹೊರದಾರಿಯ ಬಾಗಿಲನ್ನು ಒಳಗಿನವರು ಬೀಗದಕೈಯ ಸಹಾಯವಿಲ್ಲದೆ ತೆರೆಯುವಂತಿರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಿಧಿಸುತ್ತದೆ. ಪುಸ್ತಕವನ್ನು ಕಾಯುವ ಬಾಗಿಲು ಓದುಗನನ್ನು ಸೆರೆಹಿಡಿಯಬಾರದು.

ಎರಡು ಜಾತಿಗಳ ಗುಣವನ್ನೂ ಕೂಡಿಸಿದ ಒಂದು ಉಪಾಯ ಉಂಟೆಂದು ವಿಚಾರಿಸುತ್ತ ಹೋದಾಗ ತಿಳಿಯಿತು. ಹಿಡಿಯುಳ್ಳ ಬೀಗಕ್ಕೆ ಚೌಕಟ್ಟಿನಲ್ಲಿ ವಿದ್ಯುತ್ ಸ್ಟ್ರೈಕನ್ನು ಕೂಡಿಸುವುದೇ ಅದು. ಹೊರಗಡೆ ಕಾರ್ಡು ತೋರಿಸಿದಾಗ ಮಾತ್ರ ಸ್ಟ್ರೈಕು ಸಡಿಲಗೊಂಡು ಕದ ತೆರೆಯುತ್ತದೆ. ವಿದ್ಯುತ್ತಿಲ್ಲದಿದ್ದರೆ ಹೊರಗಿನವರಿಗೆ ಮುಚ್ಚಿಯೇ ಇರುತ್ತದೆ. ಒಳಗಿನವರಾದರೋ ಹಿಡಿಯನ್ನು ತಿರುಗಿಸಿದರೆ ಸಾಕು. ಅದಕ್ಕೆ ವಿದ್ಯುತ್ತೂ ಬೇಡ, ಯಾರ ಅಪ್ಪಣೆಯೂ ಬೇಡ. ಕಾಂತದ ಬೀಗವನ್ನೇ ಹಾಕಬೇಕಾದ ಕಡೆ, ಒಡೆದೊಡನೆ ಬೀಗದ ವಿದ್ಯುತ್ತನ್ನು ನೇರವಾಗಿ ಕಡಿದುಹಾಕುವ ತುರ್ತುಪೆಟ್ಟಿಗೆ ಇರಲೇಬೇಕು. ಕಂಟ್ರೋಲರನ್ನು ಕೇಳಿ ತೆರೆಯುವ ಪೆಟ್ಟಿಗೆ ಸಾಲದು. ಬುದ್ಧಿ ಕೆಟ್ಟ ಹೊತ್ತಿನಲ್ಲಿಯೂ ಬಾಗಿಲು ತೆರೆಯಬೇಕಷ್ಟೆ. ಅದರ ಮೇಲಿನ ಬರೆಹ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇರಲಿ. ನಮ್ಮ ವಾಚನಾಲಯಕ್ಕೆ ತಮಿಳು ತೆಲುಗು ಮನೆಮಾತಿನ ನೆರೆಯವರೂ ಬರುತ್ತಾರೆ. ಹೊಗೆ ತುಂಬಿದ ಕೋಣೆಯಲ್ಲಿ ಇಂಗ್ಲಿಷಿನ ಎರಡು ಮಾತನ್ನು ಓದಿ ಅರ್ಥಮಾಡಿಕೊಳ್ಳುವಂತೆ ಯಾರನ್ನೂ ನಿರ್ಬಂಧಿಸಬಾರದು.

ಕೊಂಡ ಮೇಲಣ ಪಾಲನೆಯನ್ನು ಕುರಿತು ಎರಡು ಮಾತು. ಹಿಂದೆ ತಗಡೂರೆಂದು ಹೆಸರಾಗಿದ್ದ ನಮ್ಮ ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಕನ್ನಡ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಪರಿಚಿತ. ದೇಗುಲವನ್ನೋ ಬಸದಿಯನ್ನೋ ಕಟ್ಟಿಸಿದವರು, ಅದು ಒಡೆದು ಬಿರಿದಾಗ ಸರಿಪಡಿಸುವುದಕ್ಕೆಂದು ಭೂಮಿಯನ್ನೂ ಬಿಟ್ಟುಕೊಡುತ್ತಿದ್ದರು. ನಾವು ಯಂತ್ರಕ್ಕೆ ಹಣ ಕೂಡಿಸುತ್ತೇವೆ, ಉದ್ಘಾಟನೆ ಮಾಡಿಸುತ್ತೇವೆ. ಬ್ಯಾಟರಿ ಬದಲಾಯಿಸುವ ಹಣವನ್ನು ಮಾತ್ರ ಮರೆಯುತ್ತೇವೆ. ಸಿಡಿಲಿನ ಹೊಡೆತಕ್ಕೆ ಒಳಗಾಗದಂತೆ ಭೂಸಂಪರ್ಕ ಮಾಡಿಸಬೇಕು. ಕಾರ್ಖಾನೆಯಿಂದ ಬರುವಾಗ ಯಂತ್ರಕ್ಕೆ ಕೊಟ್ಟಿರುವ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಬೇಕು. ಸಮಿತಿ ಬದಲಾದ ದಿನವೇ ಹಳಬರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ಇದರಲ್ಲಿ ದಾಕ್ಷಿಣ್ಯ ಸಲ್ಲದು. ಯಾರು ಎಷ್ಟು ಹೊತ್ತಿಗೆ ಬಂದರೆಂದು ಯಂತ್ರ ಬರೆದಿಡುವ ಲೆಕ್ಕವನ್ನು ಪುಸ್ತಕ ಕಾಣೆಯಾದಾಗ ಇಬ್ಬರು ಪದಾಧಿಕಾರಿಗಳು ಕೂಡಿ ನೋಡಬೇಕೇ ಹೊರತು, ಯಾರು ಯಾರೊಡನೆ ಬಂದರೆಂದು ಕುತೂಹಲಕ್ಕೆ ನೋಡತಕ್ಕದ್ದಲ್ಲ. ಮೂರು ತಿಂಗಳಾದ ಮೇಲೆ ಆ ಲೆಕ್ಕವನ್ನು ಅಳಿಸಿಬಿಡುವುದು ಉಚಿತ.

ಇಷ್ಟು ವಿಚಾರಿಸಿ ಉಪಸಮಿತಿಯು ಕಾರ್ಯಕಾರಿ ಸಮಿತಿಗೆ ಬಿನ್ನವಿಸಿಕೊಂಡಿರುವ ಸಲಹೆಗಳು ಹೀಗಿವೆ. ಒಂದು, ಕೆಳಗಣ ವಾಚನಾಲಯಕ್ಕೂ ಸಭಾಂಗಣಕ್ಕೂ ಯಾವ ಯಂತ್ರವೂ ಬೇಡ. ಅಲ್ಲಿ ಈಗಿರುವ ಮರದ ಬಾಗಿಲು ಇರಲಿ, ವೇಳೆಗೆ ಸರಿಯಾಗಿ ತೆರೆದಿರಲಿ. ಎರಡು, ಮೇಲಣ ಗ್ರಂಥಭಂಡಾರ ಮತ್ತು ಕಚೇರಿ, ಈ ಎರಡೇ ಬಾಗಿಲುಗಳಿಗೆ ಸುರಕ್ಷಿತವಾದ ಕಾರ್ಡು, ಒಳಗೋಡೆಯ ಕಂಟ್ರೋಲರು, ಹಿಡಿಯುಳ್ಳ ಬೀಗ ಮತ್ತು ಸ್ಟ್ರೈಕು. ಮೂರು, ಬೆರಳ ಗುರುತು ಮುಖದ ಗುರುತುಗಳನ್ನು ಯಾರಿಂದಲೂ ತೆಗೆದುಕೊಳ್ಳಕೂಡದು. ನಾಲ್ಕು, ತೀರ ಅಪರೂಪದ ಪುಸ್ತಕಗಳಿಗೆ ಕಬ್ಬಿಣದ ಬೀರುವೊಂದನ್ನು ಕೊಂಡು, ಅದಕ್ಕೆ ಬೀಗಗಳಿಗೆ ಹೆಸರಾದ ದಿಂಡಿಗಲ್ಲಿನ ಬೀಗವನ್ನು ಹಾಕುವುದು. ಆ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕರೆಂಟು ಹೋದ ರಾತ್ರಿಯಲ್ಲಿಯೂ ಅದು ಎಚ್ಚರವಾಗಿರುತ್ತದೆ. ಐದು, ಬಾಗಿಲ ಪಾಲನೆಗೆಂದು ವಾರ್ಷಿಕ ಆಯವ್ಯಯದಲ್ಲಿ ಬೇರೆಯಾಗಿ ಹಣವನ್ನಿರಿಸುವುದು.

ಕಾರ್ಡನ್ನು ಒಬ್ಬರು ಇನ್ನೊಬ್ಬರಿಗೆ ಕೊಟ್ಟರೇನು ಗತಿಯೆಂಬ ಕೋಶಾಧ್ಯಕ್ಷರ ಆಕ್ಷೇಪಣೆ ಇನ್ನೂ ಉಳಿದಿದೆ. ಅದು ನಿಜವಾದ ಆಕ್ಷೇಪಣೆ. ಯಾರ ಕಾರ್ಡಿನಿಂದ ಬಾಗಿಲು ತೆರೆಯಿತೋ ಅವರೇ ಹೊಣೆಗಾರರೆಂದು ರುಜು ಮಾಡಿಸಿಕೊಂಡು ಕೊಡುವುದು ಒಂದೇ ನಾವು ಕಂಡ ಮದ್ದು. ಇದು ಪೂರ್ತಿಯಾದ ಮದ್ದೆಂದು ನಾನು ಹೇಳಲಾರೆ. ಆದರೂ ಒಂದೆರಡು ಪುಸ್ತಕ ಕಳೆಯಬಹುದೆಂಬ ಅಪಾಯವನ್ನೂ, ಓದಲು ಬಂದವರು ಬಾಗಿಲಿನಿಂದಲೇ ತಿರುಗಿಹೋಗುವ ಅಪಾಯವನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ, ನನ್ನ ಮಟ್ಟಿಗೆ ಎರಡನೆಯದೇ ಭಾರ.

ಏಕೆಂದರೆ, ಮಹನೀಯರೇ, ನಮ್ಮ ವಾಚನಾಲಯದ ಸ್ಥಿತಿ ನಗರದ ಗ್ರಂಥಾಲಯದ ಸ್ಥಿತಿಯಂತಲ್ಲ. ತಮಿಳು ಕಲಿಕೆಯ ಕಾಯಿದೆ 2006ರಲ್ಲಿ ಬಂದಂದಿನಿಂದ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಮೊದಲ ಭಾಷೆಯಾಗಿ ಕಡ್ಡಾಯವಾಯಿತು. ಬಾಳುವ ನಾಡಿನ ನುಡಿಯನ್ನು ಮಕ್ಕಳು ಚೆನ್ನಾಗಿ ಕಲಿಯಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ತಾಯ್ನುಡಿಯನ್ನು ಓದಬಲ್ಲ ಮಕ್ಕಳು ನನ್ನ ತರಗತಿಯಲ್ಲಿ ವರ್ಷವರ್ಷಕ್ಕೆ ಕಡಮೆಯಾಗುತ್ತಿರುವುದನ್ನು ನಾನು ಹಾಜರಿ ಪುಸ್ತಕದಲ್ಲಿಯೇ ಕಾಣುತ್ತಿದ್ದೇನೆ. ಮನೆಯಲ್ಲಿ ಕನ್ನಡವಾಡಿ, ಅಕ್ಷರವನ್ನು ಮಾತ್ರ ಅರಿಯದ ಹುಡುಗನೊಬ್ಬನು ಹೊಸ್ತಿಲ ಹೊರಗೆ ನಿಂತು ಒಳಗೆ ಇಣಿಕಿ ನೋಡುವುದುಂಟು. ಅವನ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಅವನ ಬಳಿ ಕಾರ್ಡೂ ಇಲ್ಲ. ಬಾ ಮಗು ಎಂದು ಕರೆಯುವ ಒಬ್ಬರು ಬಾಗಿಲಲ್ಲಿದ್ದರೆ ಅವನು ಒಳಗೆ ಬರುತ್ತಾನೆ. ಕೆಂಪು ದೀಪವನ್ನು ಕಂಡರೆ ತಿರುಗಿಹೋಗುತ್ತಾನೆ, ಮತ್ತೆ ಬರುವುದಿಲ್ಲ.

ಆದಕಾರಣ ಕೊನೆಯದಾಗಿ ಒಂದು ವಿಜ್ಞಾಪನೆ. ಹೊಸ ವ್ಯವಸ್ಥೆಯ ಮೊದಲನೆಯ ಕಾರ್ಡನ್ನು ಅಧ್ಯಕ್ಷರಿಗೆ ಕೊಡುವುದು ಪದ್ಧತಿ. ನಮ್ಮ ಅಧ್ಯಕ್ಷರು ದೊಡ್ಡ ಮನಸ್ಸಿನವರು. ಅದನ್ನು ದಿನವೂ ಬೆಳಗ್ಗೆ ನಮ್ಮ ಬಾಗಿಲು ತೆರೆಯುವ ಆ ತಾಯಿಯ ಕೈಗೆ ತಾವೇ ಕೊಡಬೇಕೆಂದೂ, ಎರಡನೆಯದನ್ನು ತಾವು ಇಟ್ಟುಕೊಳ್ಳಬೇಕೆಂದೂ ಈ ಸಭೆಯ ಸಮಕ್ಷಮದಲ್ಲಿ ಬೇಡಿಕೊಳ್ಳುತ್ತೇನೆ.